ಜೀಪಿನ ಮೂತಿಗೆ ವಿಂಚ್ ಬಂದ ಕತೆ

ಮೈಸೂರಿನ ಯಾದವಗಿರಿಯಲ್ಲಿ ಯಂತ್ರ ಬಲ್ಲವರಿಗೆ ಬರವಿಲ್ಲ. 1961ರಲ್ಲಿ ಇಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನದ ಜಾವಾ, ಆಮೇಲೆ ಯೆಜ್ಡಿ, ಇಲ್ಲಿಂದಲೇ ದೇಶದ ತುಂಬ ಓಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಬೈಕುಗಳು ಮಾತ್ರ ಇನ್ನೂ ಓಡುತ್ತಿವೆ, ಏಕೆಂದರೆ ಅವನ್ನು ಬಿಚ್ಚಿ ಕಟ್ಟುವ ಕೈಗಳು ಊರಲ್ಲಿ ಉಳಿದಿವೆ. ಇಂಥ ಬಡಾವಣೆಯಲ್ಲಿ ಹಳೇ ಜೀಪು, ಹೊಸ ಥಾರ್ ಇಟ್ಟುಕೊಂಡ ಹುಡುಗರು ಮಳೆಗಾಲ ಹತ್ತಿರವಾದಂತೆ ಕೇಳುವುದು ಒಂದೇ ಮಾತು: “ಸಾರ್, ಕಮ್ಮಿ ರೇಟಿನ ಎಲೆಕ್ಟ್ರಿಕ್ ವಿಂಚ್ ಹಾಕಿಸಿದ್ರೆ ನಡೆಯುತ್ತಾ?”

ನಡೆಯುತ್ತದೆ. ಆದರೆ ತಯಾರಿಸಿದವರು ದುಡ್ಡನ್ನು ಎಲ್ಲಿ ಉಳಿಸಿದ್ದಾರೆ ಎಂಬುದು ಕೊಳ್ಳುವವನಿಗೆ ಗೊತ್ತಿರಬೇಕು. ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಈ ವಿಂಚ್ ಒಂದೇ ದಿನ ಹುಟ್ಟಿದ ಯಂತ್ರವಲ್ಲ; ಒಂದೊಂದು ತೊಡಕನ್ನು ದಾಟುತ್ತ ಬಂದದ್ದು. ಅಗ್ಗದ ಮಾಲಿನಲ್ಲಿ ಮತ್ತೆ ತಲೆ ಎತ್ತುವುದು ಆ ಹಳೆಯ ತೊಡಕುಗಳೇ.

ಉರುಳೆಗೆ ಹಗ್ಗ ಸುತ್ತಿ ಭಾರ ಎಳೆಯುವ ಉಪಾಯ ಬಲು ಹಿಂದಿನದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ಸಮುದ್ರದ ಜಲಸಂಧಿಗೆ ದೋಣಿಗಳ ಸೇತುವೆ ಹಾಕಿಸಿದಾಗ ಅದರ ಹಗ್ಗಗಳನ್ನು ಮರದ ಉರುಳೆಗಳಿಂದ ಬಿಗಿದರೆಂದು ಹೆರೊಡೋಟಸ್ ಬರೆದಿದ್ದಾನೆ. ನಮ್ಮ ಕಾಡುಗಳಲ್ಲಿ ದಿಮ್ಮಿ ಎಳೆಯಲು ಆನೆಗಳಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎತ್ತುಗಳು ಎಳೆಯುತ್ತಿದ್ದ ದಿಮ್ಮಿಗಳಿಗಾಗಿ 1881ರಲ್ಲಿ ಜಾನ್ ಡಾಲ್ಬೀರ್ ಎಂಬಾತ ಉರುಳೆಗೆ ಉಗಿಯಂತ್ರ ಜೋಡಿಸಿದ. ಬಲದ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಆದರೆ ಆ ಯಂತ್ರ ಇಟ್ಟಲ್ಲೇ ಇದ್ದು ಎಳೆಯುವಂಥದು.

ಎರಡನೇ ಮಹಾಯುದ್ಧದ ಸೇನಾ ಲಾರಿಗಳು ವಿಂಚನ್ನು ತಮ್ಮ ಮೂತಿಯಲ್ಲೇ ಹೊತ್ತು ತಿರುಗಿದವು. ಗೇರ್‌ಬಾಕ್ಸಿನಿಂದ ಒಂದು ಶಾಫ್ಟ್ ಮುಂದಕ್ಕೆ ಹೋಗಿ ಉರುಳೆಯನ್ನು ತಿರುಗಿಸುತ್ತಿತ್ತು. ಬಲಕ್ಕೇನೂ ಕೊರತೆಯಿರಲಿಲ್ಲ, ಎಂಜಿನ್ ಓಡುತ್ತಿದ್ದರೆ. ಹೊಳೆಯ ಮಧ್ಯೆ ಎಂಜಿನ್ ನಿಂತುಹೋದರೆ ವಿಂಚೂ ನಿಂತಿತು. ಬೇಕಾದ ಹೊತ್ತಿಗೇ ಕೈಕೊಡುವ ಸಾಧನವದು.

ಯುದ್ಧ ಮುಗಿದ ಮೇಲೆ ಜೀಪುಗಳು ಜನಸಾಮಾನ್ಯರ ಕೈಗೆ ಬಂದವು. ಅಮೆರಿಕದ ಸಿಯಾಟಲ್ ಬಳಿಯ ಆರ್ಥರ್ ವಾರ್ನ್ 1948ರಲ್ಲಿ ಜೀಪಿನ ಮುಂದಿನ ಚಕ್ರಗಳಿಗೆ ಲಾಕಿಂಗ್ ಹಬ್ ಮಾಡಿದರು. ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬಿಡಿಸಿ, ಕೆಸರಿಗಿಳಿದಾಗ ಮತ್ತೆ ಕೂಡಿಸುವ ಸಾಧನವದು. 1959ರಲ್ಲಿ ಅವರದೇ ವಾರ್ನ್ ಕಂಪನಿ ಹವ್ಯಾಸಕ್ಕಾಗಿ ಕಾಡುಮೇಡು ಸುತ್ತುವವರ ಗಾಡಿಗೆ ಎಲೆಕ್ಟ್ರಿಕ್ ವಿಂಚ್ ತಂದಿತು. ಎಂಜಿನ್ ನಿಂತರೂ ಬ್ಯಾಟರಿ ಬದುಕಿದ್ದರೆ ಸ್ವಲ್ಪ ದೂರವಾದರೂ ಎಳೆದೀತು ಎಂಬುದೇ ಇದರ ದೊಡ್ಡ ಗೆಲುವು.

ಹನ್ನೆರಡು ವೋಲ್ಟಿನ ಪುಟ್ಟ ಮೋಟಾರು ಎರಡು ಟನ್ ಜೀಪನ್ನು ಹೇಗೆ ಎಳೆಯುತ್ತದೆ? ನಿಧಾನದಿಂದ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ವಿಂಚನ್ನು ಒಮ್ಮೆ ನೋಡಬೇಕು. ಒಂದು ತುದಿಗೆ ಮೋಟಾರು, ಇನ್ನೊಂದು ತುದಿಗೆ ಗ್ರೀಸು ಮೆತ್ತಿದ ಹಲ್ಲುಚಕ್ರಗಳ ಡಬ್ಬಿ. ನಡುವಿನ ಒಂದು ಹಲ್ಲುಚಕ್ರದ ಸುತ್ತ ಮೂರು ಚಕ್ರಗಳು ಸುತ್ತುತ್ತವೆ. ಇಂಥ ಜೋಡಣೆ ಒಂದರ ಹಿಂದೊಂದು ಮೂರು. ಮೋಟಾರು ಇನ್ನೂರು ಮುನ್ನೂರು ಸುತ್ತು ತಿರುಗಿದರೆ ಡ್ರಮ್ಮು, ಅಂದರೆ ಹಗ್ಗ ಸುತ್ತುವ ಉರುಳೆ, ತಿರುಗುವುದು ಒಂದೇ ಸುತ್ತು. ಕಳೆದುಕೊಂಡ ವೇಗವೆಲ್ಲ ಎಳೆತವಾಗಿ ಬರುತ್ತದೆ.

ಇಲ್ಲಿಂದ ಮುಂದಿನ ತೊಡಕು ಬಿಸಿ. ಪೂರ್ತಿ ಭಾರ ಬಿದ್ದಾಗ ವಿಂಚು 400 ಆಂಪಿಯರ್‌ವರೆಗೂ ಎಳೆಯುತ್ತದೆ. ಸಾಮಾನ್ಯ ಜೀಪಿನ ಆಲ್ಟರ್ನೇಟರ್ ಕೊಡುವುದು ಅದರ ಕಾಲುಭಾಗವೂ ಅಲ್ಲ. ಉಳಿದದ್ದನ್ನು ಬ್ಯಾಟರಿಯೇ ಕೊಡಬೇಕು; ಇಷ್ಟು ಕರೆಂಟು ಹರಿದಾಗ ಹುಟ್ಟುವ ಬಿಸಿಯನ್ನು ಮೋಟಾರು ತಡೆಯಬೇಕು. ಮೊದಲ ಪ್ರಶ್ನೆ ಇಲ್ಲೇ ಕೇಳಿ: ಮೋಟಾರು ಯಾವ ಜಾತಿಯದು? ಸ್ಟಾರ್ಟರ್ ಮೋಟಾರಿನಂತೆ ಒಳಗೂ ಹೊರಗೂ ತಾಮ್ರದ ಸುರುಳಿಯಿರುವ ಸೀರೀಸ್ ವೌಂಡ್ ಮೋಟಾರು ಭಾರ ತಡೆಯುತ್ತದೆ. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು ಅಗ್ಗ, ಸಣ್ಣ ಎಳೆತಕ್ಕೆ ಕರೆಂಟೂ ಕಡಿಮೆ ಸಾಕು. ಆದರೆ ಬೇಗ ಕಾಯುತ್ತದೆ, ಕಾದಂತೆ ಬಲ ಕುಗ್ಗುತ್ತದೆ. ಅದನ್ನು ಕೊಂಡವರು ಒಂದು ನಿಮಿಷದೊಳಗೆ ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಎಳೆಯುವ ತಾಳ್ಮೆ ಕಲಿಯಬೇಕು.

ಎರಡನೆಯದು ಬ್ರೇಕು. ಏರಿನಲ್ಲಿ ಅರ್ಧ ಎಳೆದು ಕೈಬಿಟ್ಟಾಗ ಗಾಡಿ ಅಲ್ಲೇ ನಿಲ್ಲಬೇಕಲ್ಲ. 1974ರಲ್ಲಿ ಬಂದ ವಾರ್ನ್ 8274 ಇವತ್ತಿಗೂ ಹೆಸರಾಗಿರುವುದಕ್ಕೆ ಒಂದು ಕಾರಣ, ಅದರ ಬ್ರೇಕು ಡ್ರಮ್ಮಿನ ಹೊರಗಿರುವುದು. ಕಡಿಮೆ ಬೆಲೆಯ ವಿಂಚುಗಳಲ್ಲಿ ಬ್ರೇಕು ಸಾಮಾನ್ಯವಾಗಿ ಡ್ರಮ್ಮಿನ ಹೊಟ್ಟೆಯೊಳಗಿರುತ್ತದೆ. ಭಾರ ಹೊತ್ತು ಹಗ್ಗ ಬಿಡುತ್ತ ಇಳಿಸಿದರೆ ಡ್ರಮ್ಮೇ ಕಾಯುತ್ತದೆ.

ಕಾದ ಡ್ರಮ್ಮು ಮೂರನೆಯದನ್ನು, ಅಂದರೆ ಹಗ್ಗವನ್ನು, ಮುಟ್ಟುತ್ತದೆ. 1979ರಲ್ಲಿ ನೆದರ್ಲೆಂಡ್ಸ್‌ನ ಡಿಎಸ್ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಪಾಲಿಎಥಿಲೀನ್‌ನಿಂದ ಅಸಾಧಾರಣ ಗಟ್ಟಿ ನೂಲು ತೆಗೆಯುವ ದಾರಿ ಕಂಡುಕೊಂಡರು, ಅದೇ ಡೈನೀಮಾ. ಇದರ ಹಗ್ಗ ಹಗುರ, ನೀರಿನಲ್ಲಿ ತೇಲುತ್ತದೆ. ಕಿತ್ತುಹೋದರೆ ಉಕ್ಕಿನ ಹಗ್ಗದಷ್ಟು ಭೀಕರವಾಗಿ ಹಿಂದಕ್ಕೆ ಬೀಸುವುದಿಲ್ಲ. ಆದರೆ ಸುಮಾರು 150 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮುಂಚೆ ಬಲ ಕಳೆದುಕೊಳ್ಳುತ್ತದೆ. ಕೊಡಗಿನ ಕೆಂಪು ಕೆಸರಿನಲ್ಲಿ ಹೊರಳಿಸಿದ ಮೇಲೆ ತೊಳೆದಿಡದಿದ್ದರೆ ಮರಳಿನ ಕಣಗಳು ನೂಲನ್ನು ಒಳಗಿಂದ ಕೊರೆಯುತ್ತವೆ. ಉಕ್ಕಿನ ಹಗ್ಗವಾದರೆ ಎಳೆಯುವಾಗ ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿ, ಹಗ್ಗದ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಅಲ್ಲಿ ನಿಂತು ಜೀವ ಕಳೆದುಕೊಳ್ಳುವಂಥ ಆತುರ ಯಾವ ದಾರಿಯಲ್ಲೂ ಇಲ್ಲ.

ಕೊನೆಯದಾಗಿ, ಡಬ್ಬಿಯ ಮೇಲೆ ಬರೆದ ಸಂಖ್ಯೆ. 9,500 ಪೌಂಡ್, ಅಂದರೆ ಸುಮಾರು 4,300 ಕೆಜಿ ಎಂದಿದ್ದರೆ, ಅದು ಡ್ರಮ್ಮಿಗೆ ಅಂಟಿದ ಮೊದಲ ಸುತ್ತಿನ ಪದರದ ಲೆಕ್ಕ. ಪದರದ ಮೇಲೆ ಪದರ ಕೂತಂತೆ ಉರುಳೆ ದಪ್ಪವಾಗಿ ಎಳೆತ ಇಳಿಯುತ್ತದೆ. ಆದ್ದರಿಂದ ಸಾಮಾನು, ಜನ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಬೇಕು: 2,400 ಕೆಜಿ ಗಾಡಿಗೆ 3,600 ಕೆಜಿ. ಅದಕ್ಕಿಂತ ದೊಡ್ಡ ಅಂಕಿಗೆ ಮಾರುಹೋಗಬೇಕಿಲ್ಲ. ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ರಾಟೆ, ಸೇರಿಸಿದರೆ ವೇಗ ಅರ್ಧವಾಗಿ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ವಿಂಚ್ ಕೂರುವ ಬಂಪರ್ ವಿಷಯದಲ್ಲೂ ಎಚ್ಚರ ಬೇಕು. ವಾಹನಗಳ ಮೂತಿಗೆ ಲೋಹದ ಬುಲ್ ಬಾರ್ ಹಾಕುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ವಿಂಚ್ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ನನ್ನ ಮಾತು ಇಷ್ಟೆ. ದುಡ್ಡು ಮಿತವಾಗಿದ್ದರೆ ದೊಡ್ಡ ಅಂಕಿಯ ಮ್ಯಾಗ್ನೆಟ್ ವಿಂಚಿಗಿಂತ ತಕ್ಕ ಅಂಕಿಯ ಸೀರೀಸ್ ವೌಂಡ್ ವಿಂಚ್ ಕೊಳ್ಳಿ. ಉಳಿದದ್ದರಲ್ಲಿ ಒಳ್ಳೇ ಬ್ಯಾಟರಿ, ರಾಟೆ, ಹಗ್ಗವನ್ನು ಮರಕ್ಕೆ ಕಟ್ಟುವಾಗ ತೊಗಟೆ ಸುಲಿಯದಂಥ ಅಗಲ ಪಟ್ಟಿ ತನ್ನಿ. ರಿಲೇ, ಸೀಲು, ಬ್ರೇಕಿನ ಬಿಡಿಭಾಗ ಬಿಡಿಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲೇ ಕೇಳಿ. ಸಿಗುವುದಾದರೆ ಅಗ್ಗದ ವಿಂಚೂ ವರ್ಷಾನುಗಟ್ಟಲೆ ದುಡಿಯುತ್ತದೆ. ಸಿಗದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.