ಬಿಸಿ ಎಲ್ಲಿದೆ ಎಂದು ಮೊದಲು ಬೆರಳಿಟ್ಟು ನೋಡಿ

ಏಪ್ರಿಲ್ ಮಧ್ಯಾಹ್ನ ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನಲ್ಲಿ ಕೆಂಪು ದೀಪ ಬಿದ್ದಾಗ, ನಿಂತ ಬೈಕುಗಳ ಹ್ಯಾಂಡಲ್ ಗಮನಿಸಿ. ಊಟ, ದಿನಸಿ, ಪಾರ್ಸೆಲ್ ತಲುಪಿಸುವ ಹುಡುಗರ ಫೋನುಗಳೆಲ್ಲ ಹೋಲ್ಡರಿನಲ್ಲಿ ಸೂರ್ಯನಿಗೆ ಮುಖ ಮಾಡಿ ಕೂತಿರುತ್ತವೆ. ಮ್ಯಾಪ್ ಓಡುತ್ತಿದೆ, ಬಿಸಿಲಲ್ಲಿ ಕಾಣಲಿ ಎಂದು ಪರದೆಯ ಬೆಳಕು ಪೂರ್ತಿ ಏರಿದೆ, ಬೈಕಿನ ಯುಎಸ್‌ಬಿಯಿಂದ ಚಾರ್ಜೂ ಆಗುತ್ತಿದೆ. ಗಾಡಿ ಓಡುವಾಗ ಗಾಳಿ ಬಡಿದು ಹೇಗೋ ತಡೆದುಕೊಂಡಿದ್ದ ಫೋನು ಸಿಗ್ನಲ್‌ನಲ್ಲಿ ನಿಂತ ಮೇಲೆ ಕಾಯಲು ಶುರುವಾಗುತ್ತದೆ. ಮೊದಲು ಪರದೆ ತಾನಾಗಿಯೇ ಮಂಕಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುತ್ತದೆ, ಕೊನೆಗೆ ಫೋನೇ ಆಫ್. ಆರ್ಡರ್ ನಡುವೆ ಹೀಗಾದರೆ ಆ ಹುಡುಗನ ಅಂದಿನ ದುಡಿಮೆಗೇ ಪೆಟ್ಟು.

ಗೇಟಿನಿಂದ ಒಳಗೆ ಹೋಗುವ ರಸ್ತೆಯೊಂದರಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಕೌಂಟರಿಗೆ ಬರುವ ಮಾತು ಒಂದೇ: ‘ಅಣ್ಣಾ, ಫೋನ್ ಕೆಂಡ ಆಗ್ತಿದೆ, ಬ್ಯಾಟರಿ ಚೇಂಜ್ ಮಾಡಿಬಿಡಿ.’ ನಾನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಎಲ್ಲಿ ಬಿಸಿಯಾಗುತ್ತದೆ? ಯಾವಾಗ ಬಿಸಿಯಾಗುತ್ತದೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಬಂದವರಲ್ಲಿ ಬಹಳಷ್ಟು ಜನಕ್ಕೆ ಹೊಸ ಬ್ಯಾಟರಿಯ ಖರ್ಚು ಉಳಿಯುತ್ತದೆ. ಅದನ್ನು ಅಂಗಡಿಗೆ ಬಾರದವರಿಗೂ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚಿನ ಫೋನುಗಳಲ್ಲಿ ಮೇಲ್ಭಾಗದಲ್ಲಿ, ಕ್ಯಾಮೆರಾದ ಆಸುಪಾಸಿನಲ್ಲಿ, ಪ್ರೊಸೆಸರ್ ಇರುವ ಮುಖ್ಯ ಬೋರ್ಡ್ ಇರುತ್ತದೆ. ನಡುವೆ ಬ್ಯಾಟರಿ, ಕೆಳಗೆ ಚಾರ್ಜಿಂಗ್ ಪಿನ್ನಿನ ಚಿಕ್ಕ ಬೋರ್ಡ್. ಕವರ್ ತೆಗೆದು ಫೋನಿನ ಬೆನ್ನಿನ ಮೇಲೆ ಬೆರಳಾಡಿಸಿ. ಕ್ಯಾಮೆರಾ ಕೆಳಗೆ ಬಿಸಿ ಇದ್ದರೆ ಒಳಗೆ ಏನೋ ಕೆಲಸ ಜೋರಾಗಿ ನಡೆಯುತ್ತಿದೆ ಎಂದು ಅರ್ಥ. ಗೇಮ್, ವಿಡಿಯೋ ಕಾಲ್, ಹಾಟ್‌ಸ್ಪಾಟ್, ಇಲ್ಲವೇ ಬಳಸದಿದ್ದರೂ ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ಆ್ಯಪ್. ಸಾಮಾನ್ಯ ಫೋನಿನೊಳಗೆ ಫ್ಯಾನ್ ಇರುವುದಿಲ್ಲ, ಹುಟ್ಟಿದ ಬಿಸಿಯೆಲ್ಲ ಬೆನ್ನು ಮತ್ತು ಪರದೆಯ ಮೂಲಕವೇ ಹೊರಹೋಗಬೇಕು. ನಮ್ಮ ಜನ ಆ ಬೆನ್ನಿಗೆ ದಪ್ಪ ಕವರ್ ಹಾಕಿ, ಅದರೊಳಗೆ ಐನೂರರ ನೋಟು, ಮೆಟ್ರೊ ಕಾರ್ಡು, ದೇವರ ಪಟ ಇಟ್ಟಿರುತ್ತಾರೆ. ಜ್ವರ ಬಂದವರಿಗೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಚಾರ್ಜ್ ಮಾಡುವಾಗಲಾದರೂ ಕವರ್ ತೆಗೆಯಿರಿ. ಹಿಂದೆ ಲೋಹದ ರಿಂಗ್ ಅಂಟಿಸಿದ್ದರೆ ವೈರ್‌ಲೆಸ್ ಚಾರ್ಜರ್ ಮೇಲೆ ಇಡಲೇಬೇಡಿ, ಆ ಲೋಹವೇ ಕಾಯುತ್ತದೆ.

ಸುಮ್ಮನೆ ಜೇಬಿನಲ್ಲಿದ್ದಾಗಲೂ ಕ್ಯಾಮೆರಾ ಬಳಿ ಬಿಸಿ ಎಂದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ತೆರೆದು ನೋಡಿ. ನೀವು ಮುಟ್ಟದ ಆ್ಯಪ್ ಮೇಲಿನ ಸಾಲಿನಲ್ಲಿದ್ದರೆ ಕಳ್ಳ ಸಿಕ್ಕಂತೆಯೇ. ಅನುಮಾನ ಉಳಿದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ. ಎಷ್ಟೋ ಆಂಡ್ರಾಯ್ಡ್‌ಗಳಲ್ಲಿ ಪವರ್ ಆಫ್ ಗುರುತನ್ನು ಒತ್ತಿ ಹಿಡಿದರೆ ಆ ಆಯ್ಕೆ ಬರುತ್ತದೆ. ಆಗ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಫೋನು ತಣ್ಣಗಾದರೆ ತೊಂದರೆ ಅವುಗಳದ್ದೇ. ಹೊಸ ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಬೆಚ್ಚಗಿರುವುದು ಸಹಜ. ಕೆಲವೊಮ್ಮೆ ತಪ್ಪು ಕಂಪನಿಯ ಸಾಫ್ಟ್‌ವೇರಿನಲ್ಲೇ ಇರುತ್ತದೆ. 2023ರಲ್ಲಿ ಐಫೋನ್ 15 ಪ್ರೊ ವಿಪರೀತ ಬಿಸಿಯಾಗುತ್ತದೆಂಬ ದೂರು ಬಂದಾಗ ಆ್ಯಪಲ್ ಅಕ್ಟೋಬರ್‌ನಲ್ಲಿ ಐಒಎಸ್ 17.0.3 ಬಿಡುಗಡೆ ಮಾಡಿ ಸರಿಪಡಿಸಿತು.

ಫೋನಿನ ನೆಟ್‌ವರ್ಕ್ ಸಿಗ್ನಲ್ ಬಗ್ಗೆಯೂ ಒಂದು ಮಾತು. ನಮ್ಮ ಏರಿಯಾದಲ್ಲಿ ಪಿಜಿ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೆಳಮಹಡಿಯ ಕೋಣೆಗಳಲ್ಲಿ ಒಂದೇ ಕಡ್ಡಿ ಸಿಗ್ನಲ್. ಟವರ್ ದುರ್ಬಲವಾದಷ್ಟೂ ಫೋನು ತನ್ನ ಪ್ರಸಾರದ ಶಕ್ತಿ ಏರಿಸುತ್ತದೆ, ಬ್ಯಾಟರಿ ಹೀರುತ್ತದೆ, ಕಾಯುತ್ತದೆ. ‘ಆಫೀಸಿನಲ್ಲಿ ಸರಿಯಿದೆ, ರೂಮಿಗೆ ಬಂದರೆ ಬಿಸಿ’ ಎನ್ನುವ ಹುಡುಗಿಯರ ಫೋನನ್ನು ನಾನು ಬಿಚ್ಚಿ ನೋಡುವುದೂ ಇಲ್ಲ. ವೈಫೈ ಇದ್ದರೆ ಅದಕ್ಕೆ ಜೋಡಿಸಿ, ವೈಫೈ ಕಾಲಿಂಗ್ ಆನ್ ಮಾಡಿಕೊಡುತ್ತೇನೆ.

ಬಿಸಿ ಕೆಳಗೆ, ಪಿನ್ನಿನ ಬಳಿ ಮಾತ್ರ ಇದ್ದರೆ ಕೇಬಲ್ ಅಥವಾ ಪೋರ್ಟ್ ಕೆಟ್ಟಿರಬಹುದು. ಬನ್ನೇರುಘಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ನಡೆದ ಮೆಟ್ರೊ ಕಾಮಗಾರಿಯ ಧೂಳು, ಜೇಬಿನ ನೂಲಿನ ಚೂರು, ಮಳೆಗಾಲದ ತೇವ ಎಲ್ಲವೂ ಪೋರ್ಟಿನೊಳಗೆ ಸೇರುತ್ತವೆ. ಪಿನ್ನು ಸರಿಯಾಗಿ ಕೂರದಿದ್ದರೆ ಅಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ತಡೆ ಇದ್ದಲ್ಲಿ ಬಿಸಿ. ಫೋನ್ ಆಫ್ ಮಾಡಿ ಆ ಕಸವನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಬೇಡ. ಚಾರ್ಜರ್ ಕೊಳ್ಳುವಾಗ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 13252 ಎಂಬ ಸಂಖ್ಯೆ, ಜೊತೆಗೆ ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ನೋಂದಣಿ ನಿಜವೋ ಸುಳ್ಳೋ ಎಂದು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ನನಗೆ ಅತಿ ಇಷ್ಟದ ಕೆಲಸ ಬೋರ್ಡ್ ಶಾರ್ಟ್ ಹುಡುಕುವುದು. ಫೋನ್ ಆಫ್ ಆಗಿದ್ದರೂ ಬೆಚ್ಚಗೆ, ರಾತ್ರಿ ತುಂಬಿಸಿದ ಚಾರ್ಜ್ ಬೆಳಗಾಗುವಷ್ಟರಲ್ಲಿ ಖಾಲಿ: ಇದು ಅದರ ಲಕ್ಷಣ. ನೀರು ತಗುಲಿದ ಫೋನುಗಳಲ್ಲಿ ಇದು ಸಾಮಾನ್ಯ. ಬೋರ್ಡಿನ ಮೇಲೆ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳು ನೂರಾರು ಇರುತ್ತವೆ, ಅವುಗಳಲ್ಲಿ ಒಂದು ಸತ್ತರೂ ವಿದ್ಯುತ್ತು ಸುಮ್ಮನೆ ಸೋರಿಹೋಗುತ್ತದೆ. ಅದನ್ನು ಹುಡುಕಲು ಬೆಸುಗೆಗೆ ಬಳಸುವ ರೋಸಿನ್ ಎಂಬ ರಾಳ ಬಿಸಿಮಾಡಿ ಅದರ ಹೊಗೆಯನ್ನು ಬೋರ್ಡಿಗೆ ಹಿಡಿಯುತ್ತೇವೆ. ಬೋರ್ಡು ಇಡೀ ಬಿಳಿ ಪುಡಿ ಹೊದ್ದಂತಾಗುತ್ತದೆ. ಪವರ್ ಸಪ್ಲೈನಿಂದ ಕಡಿಮೆ ವೋಲ್ಟೇಜ್ ಹಾಯಿಸಿದರೆ ಕೆಟ್ಟ ಕೆಪಾಸಿಟರ್ ಕಾದು, ಅದರ ಮೇಲಿನ ಬಿಳುಪು ಮಾತ್ರ ಕರಗಿ ಕಪ್ಪಗೆ ಕಾಣುತ್ತದೆ. ದೊಡ್ಡ ಅಂಗಡಿಗಳಲ್ಲಿ ಈಗ ಥರ್ಮಲ್ ಕ್ಯಾಮೆರಾ ಬಂದಿದೆ. ನಮ್ಮಂಥವರನ್ನು ಈ ಹೊಗೆ ಇನ್ನೂ ಕೈಬಿಟ್ಟಿಲ್ಲ. ಆ ಒಂದು ಚೂರು ತೆಗೆದರೆ ಎಷ್ಟೋ ಫೋನುಗಳು ಮೊದಲಿನಂತಾಗುತ್ತವೆ. ‘ಬೋರ್ಡ್ ಹೋಗಿದೆ, ಹೊಸ ಫೋನ್ ತಗೊಳ್ಳಿ’ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಇನ್ನೊಬ್ಬರಿಗೆ ತೋರಿಸಿ.

ಈಗ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ವಿದ್ಯೆಗೂ ಸೆಕೆ ಆಗದು. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ ಆ್ಯಪಲ್. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಗಿದೆ. ಅದೂ ನೆರಳಿನ ಲೆಕ್ಕ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಇದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಒಂದು ಮಧ್ಯಾಹ್ನದ ಬಿಸಿಲಿಗೆ ಬ್ಯಾಟರಿ ಸಾಯುವುದಿಲ್ಲ. ಆದರೆ ಬೇಸಿಗೆಯಿಡೀ ಹೀಗೆ ಕಾದರೆ ಅದರ ಆಯಸ್ಸು ಬೇಗ ಸವೆಯುತ್ತದೆ, ಆ ನಷ್ಟ ತುಂಬಿಬರುವುದಿಲ್ಲ.

ಹೋಲ್ಡರ್ ಬಳಸುವ ಹುಡುಗರಿಗೆ ನಾನು ಹೇಳುವುದು: ಬಿಸಿಲಲ್ಲಿ ಓಡಿಸುವಾಗ ಚಾರ್ಜಿಗೆ ಹಾಕಬೇಡಿ, ಹೋಟೆಲಿನಲ್ಲಿ ಪಾರ್ಸೆಲ್‌ಗೆ ಕಾಯುವಾಗ ನೆರಳಿನಲ್ಲಿ ಪವರ್ ಬ್ಯಾಂಕ್ ಚುಚ್ಚಿ. ದಾರಿ ಗೊತ್ತಿದ್ದರೆ ಪರದೆ ಆಫ್ ಮಾಡಿ, ಮ್ಯಾಪಿನ ದನಿ ಕೇಳಿಸಿಕೊಳ್ಳಿ. ಫೋನ್ ಕಾದಾಗ ನೀರಿನ ಬಾಟಲಿಗೆ ಒತ್ತುವುದು, ಮನೆಯಲ್ಲಾದರೆ ಫ್ರಿಜ್ಜಿನಲ್ಲಿಡುವುದು ಬೇಡ. ಥಟ್ಟನೆ ತಂಪಾದರೆ ತೇವ ಕೂರುತ್ತದೆ, ಆ ತೇವದಿಂದಲೇ ಬೋರ್ಡ್ ಶಾರ್ಟ್ ಆಗುತ್ತದೆ. ಕವರ್ ಬಿಚ್ಚಿ, ಆಫ್ ಮಾಡಿ, ಫ್ಯಾನಿನ ಕೆಳಗೆ ಇಟ್ಟರೆ ಸಾಕು.

ಬಿಸಿ ನಡುವೆಯೇ ಇದ್ದು, ಹಿಂಬದಿಯ ಮುಚ್ಚಳ ಎದ್ದಿದ್ದರೆ ಅಥವಾ ಪರದೆಯ ಅಂಚು ಬಾಯಿಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿದೆ. ಒಳಗಿನ ದ್ರಾವಣ ಒಡೆದು ಗ್ಯಾಸ್ ತುಂಬಿದೆ. ‘ಇನ್ನೂ ನಡೀತಾ ಇದೆಯಲ್ಲಾ’ ಎಂದು ಬಳಸುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಬ್ಯಾಟರಿಯ ದೋಷದಿಂದ ಬೆಂಕಿ ಹತ್ತಿದ್ದಕ್ಕೇ 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು.

ನಿಮ್ಮ ಮನೆಯಲ್ಲಿ ಅಂಥ ಫೋನ್ ಇದ್ದರೆ ಇಂದು ರಾತ್ರಿಯಿಂದಲೇ ಚಾರ್ಜ್ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ದಿಂಬಿನ ಹತ್ತಿರ ಇಡಬೇಡಿ. ತೆಗೆಸಿದ ಬ್ಯಾಟರಿಯನ್ನು ಕಸದ ಗಾಡಿಗೂ ಹಾಕಬೇಡಿ. ಆ ಗಾಡಿಯಲ್ಲಿ ಕಸವನ್ನು ಒತ್ತುವಾಗ ಅದು ಹೊತ್ತಿಕೊಂಡರೆ ಸುಟ್ಟುಕೊಳ್ಳುವುದು ಪೌರಕಾರ್ಮಿಕರ ಕೈ. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ, ಇಲ್ಲವೇ ಬ್ಯಾಟರಿ ಬದಲಿಸಿದ ಅಂಗಡಿಯವರ ಕೈಗೇ ಕೊಡಿ.