ತಿಥಿಯ ಮುಕ್ಕಾಲು, ಖಾಡಿಯ ನೀರು

ಅಕ್ಕನ ಮಗಳು ಬಸ್ರೂರಿನಿಂದ ಫೋನ್ ಮಾಡಿ, ಗಂಡನನ್ನೂ ಒಂಬತ್ತು ವರ್ಷದ ಮಗನನ್ನೂ ಕರೆದುಕೊಂಡು ಎರಡು ದಿನ ಥಾಣೆಗೆ ಬರುವುದಾಗಿ ಹೇಳಿದಾಗ ನಾನು ಮೊದಲು ನೋಡಿದ್ದು ಗೋಡೆಯ ಮೇಲಿನ ಪಂಚಾಂಗ. ಶನಿವಾರ ಸಪ್ತಮಿ, ಭಾನುವಾರ ಅಷ್ಟಮಿ. ಏಳರ ಮುಕ್ಕಾಲು ಐದೂಕಾಲು, ಎಂಟರ ಮುಕ್ಕಾಲು ಆರು. ಬಂದವರನ್ನು ಎಲ್ಲಿಗೆ ಯಾವಾಗ ಕರೆದೊಯ್ಯಬೇಕು ಅನ್ನುವುದು ಆ ಲೆಕ್ಕದಲ್ಲೇ ತೀರ್ಮಾನವಾಯಿತು.

ಈ ಲೆಕ್ಕ ಕಲಿಸಿದವನು ನನ್ನ ಪಕ್ಕದ ಲೇತಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದ ಗೆಳೆಯ, ಚೆಂದಣಿ ಕೋಳಿವಾಡದ ಮೀನುಗಾರರ ಮನೆಯವನು. ನಾನು ಬಸ್ರೂರು ಬಿಟ್ಟು ವಾಗ್ಳೆ ಎಸ್ಟೇಟಿಗೆ ಬಂದಾಗ ಹದಿನಾರು ವರ್ಷ. ಮೊದಲು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೋಟ ತೊಳೆದೆ, ರಾತ್ರಿ ಶಾಲೆಯಲ್ಲಿ ಓದಿದೆ, ಆಮೇಲೆ ಟರ್ನರ್ ಆದೆ. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂಐಡಿಸಿ, ಹುಟ್ಟಿದ್ದು 1962ರಲ್ಲಿ. ಅದರ ಮೊದಲ ಕೈಗಾರಿಕಾ ವಸಾಹತು ನಮ್ಮದೇ. ರಸ್ತೆಗಳಿಗೆ ಇಲ್ಲಿ ಹೆಸರಿಲ್ಲ, ನಂಬರು: ರೋಡ್ ನಂಬರ್ 16, ರೋಡ್ ನಂಬರ್ 22. ಶಿಫ್ಟಿನ ಸೈರನ್ ಬಿಟ್ಟರೆ ಬೇರೆ ಹೊತ್ತು ಗೊತ್ತಿಲ್ಲದಿದ್ದ ನನಗೆ ಆ ಗೆಳೆಯ ಒಂದು ದಿನ ಹೇಳಿದ: ತಿಥಿಯ ‘ಪಾವುಣಪಟ್’ ಮಾಡು, ಅಂದರೆ ಮುಕ್ಕಾಲು ಪಾಲು, ಖಾಡಿಯಲ್ಲಿ ನೀರು ತುಂಬುವ ಗಂಟೆ ಸಿಗುತ್ತದೆ. ಪಾಡ್ಯಕ್ಕೆ ಹನ್ನೆರಡೂ ಮುಕ್ಕಾಲು, ಚೌತಿಗೆ ಮೂರು, ಅಷ್ಟಮಿಗೆ ಆರು, ಹುಣ್ಣಿಮೆ ಅಮಾವಾಸ್ಯೆಗೆ ಹನ್ನೆರಡರ ಆಸುಪಾಸು. ಹಗಲಿಗೊಮ್ಮೆ, ರಾತ್ರಿಗೊಮ್ಮೆ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅವನ ಜೊತೆಗೇ ಜಾರುತ್ತದೆ. ಮುಕ್ಕಾಲು ಗಂಟೆಯ ಗುಟ್ಟು ಅದು. ಲೆಕ್ಕ ಮುಂಬೈ ಬಂದರಿನದು. ಥಾಣೆ ಖಾಡಿಯ ತುದಿಗೆ ನೀರು ಬರುವಾಗ ಇನ್ನಷ್ಟು ತಡ. ಆದರೂ ಈ ಅಂದಾಜು ನನ್ನ ಕೈಬಿಟ್ಟಿದ್ದಿಲ್ಲ.

‘ನಿಮ್ಮಲ್ಲಿ ಸಮುದ್ರ ಎಲ್ಲಿತ್ತ್ ಮಾವ?’ ಶನಿವಾರ ಬೆಳಿಗ್ಗೆ ಚಾ ಕುಡಿಯುತ್ತ ಅಕ್ಕನ ಮಗಳು ಕೇಳಿದಳು. ಊರಿನಿಂದ ಬಂದವರೆಲ್ಲ ಕೇಳುವ ಪ್ರಶ್ನೆ. ಕೇಳಿದ ಮೇಲೆ ಗೇಟ್‌ವೇಗೋ ಜುಹುವಿಗೋ ಹೋಗಲು ಲೋಕಲ್ ಹತ್ತುತ್ತಾರೆ. ಥಾಣೆಯಲ್ಲಿ ಮರಳಿನ ದಂಡೆಯಿಲ್ಲ, ನಿಜ. ಇಲ್ಲಿರುವುದು ಖಾಡಿ: ಮುಂಬೈ ಬಂದರಿನಿಂದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ಒಳನುಗ್ಗಿ ಬರುವ ಕಡಲಿನ ತೋಳು. ಬಸ್ರೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಾರಾಹಿಯೂ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ, ಬಾವಿಗೆ ಉಪ್ಪು ತರುತ್ತದೆ.

ಇಳಿತ ಇನ್ನೂ ನಡೆದಿರುವಾಗಲೇ ಕೋಳಿವಾಡ ನೋಡಬೇಕೆಂದು ಮೊದಲು ಸ್ಟೇಷನ್ ಕಡೆಗೇ ಹೊರಟೆವು. ಎಸ್ಟೇಟಿನಿಂದ ಶೇರ್ ರಿಕ್ಷಾ ಇದೆ. ದಾರಿಯಲ್ಲಿ ಮಾಸುಂದಾ ಕೆರೆ, ಅದರ ದಂಡೆಗೆ ಕೌಪಿನೇಶ್ವರ. ಈಗಿನ ಗುಡಿ ಕಟ್ಟಿದ್ದು 1760ರಲ್ಲಿ, ಪೇಶ್ವೆಗಳ ಕಾಲದಲ್ಲಿ. ಒಳಗಿನ ಲಿಂಗದ ಭಾರೀ ಗಾತ್ರ ನೋಡಿದವರು ಅದರ ಮೂಲ ಇನ್ನೂ ಹಿಂದಿನದೆಂದು ಒಪ್ಪುತ್ತಾರೆ. ತಹಸೀಲ್ದಾರ್ ಕಚೇರಿಯ ಬಳಿ ಮಾಮಲೇದಾರ್ ಮಿಸಳ್ ತಿನ್ನಿಸಿದೆ. ಹುಡುಗನಿಗೆ ಖಾರ ಕಮ್ಮಿ ಮಾಡಿ ಎಂದು ಮೊದಲೇ ಹೇಳಿಬಿಡಬೇಕು, ಇದು ಮುಖ್ಯ. ಥಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಎರಡು ನಿಮಿಷ ನಿಂತು ಅವನಿಗೆ ತೋರಿಸಿದೆ: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಜನರನ್ನು ಹೊತ್ತು ದೇಶದ ಮೊದಲ ಪ್ಯಾಸೆಂಜರ್ ರೈಲು ಬಂದು ಮುಟ್ಟಿದ ಊರು ಇದೇ. ಸಾಹಿಬ್, ಸಿಂಧ್, ಸುಲ್ತಾನ್ ಅಂತ ಮೂರು ಎಂಜಿನ್ನುಗಳು. ಅಲ್ಲಿಂದ ಮುಂದೆ ಹೋಗಬೇಕಾದರೆ ಖಾಡಿ ದಾಟಬೇಕು. ಸೇತುವೆ ಕಟ್ಟಿ ರೈಲು ಕಲ್ಯಾಣ ಸೇರಿದ್ದು ಮರುವರ್ಷ, 1854ರ ಮೇ ತಿಂಗಳಲ್ಲಿ.

ಸ್ಟೇಷನ್ನಿನ ಬೆನ್ನಿಗೇ ಚೆಂದಣಿ ಕೋಳಿವಾಡ. ಹತ್ತು ಗಂಟೆಗೆ ನೀರು ಇಳಿದು ಕೆಸರು ಬಿಸಿಲಿಗೆ ಮಿಂಚುತ್ತಿತ್ತು. ಆ ಕೆಸರನ್ನು ನೋಡಿ ಮೂಗು ಮುಚ್ಚಿಕೊಂಡು ತಿರುಗಿಬಿಡುವವರೇ ಹೆಚ್ಚು. ಒಂದು ಕಾಲು ಗಂಟೆ ಸುಮ್ಮನೆ ನಿಂತು ನೋಡಿ. ಎದೆಯೂರಿ ತೆವಳುವ ಮೀನು ಕಾಣುತ್ತದೆ, ನೀರಿನ ಹೊರಗೂ ಬದುಕುವುದು; ಆಗರಿ-ಕೋಳಿ ಜನ ಅದಕ್ಕೆ ನಿವಟಿ ಅನ್ನುತ್ತಾರೆ. ಒಂದೇ ಕೈ ದೊಡ್ಡದಿರುವ ಏಡಿ ಕಾಣುತ್ತದೆ, ಆ ಕೈಯನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತದೆ. ನನ್ನ ಗೆಳೆಯನ ಅಪ್ಪನ ಕಾಲದಲ್ಲಿ ಇಲ್ಲಿ ಹಿಡಿದ ಸೀಗಡಿ ಮನೆಗೂ ಮಾರುಕಟ್ಟೆಗೂ ಸಾಲುತ್ತಿತ್ತಂತೆ. ಅವನ ಕಾಲಕ್ಕೇ ಅದು ನಿಂತು, ಅವನು ಲೇತಿಗೆ ಬಂದ. ಶ್ರಾವಣದ ಹುಣ್ಣಿಮೆಗೆ, ನಾರಳಿ ಪೌರ್ಣಿಮೆಗೆ ಯಾರಾದರೂ ಥಾಣೆಯಲ್ಲಿದ್ದರೆ ಕೋಳಿವಾಡಕ್ಕೆ ಹೋಗಲೇಬೇಕು. ವಾದ್ಯ ಬಾರಿಸುತ್ತ ಮೆರವಣಿಗೆ ಬಂದು ಖಾಡಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೂ ನನ್ನ ಗೆಳೆಯ ಆ ದಿನ ತಪ್ಪಿಸಿದವನಲ್ಲ.

ಮಧ್ಯಾಹ್ನದ ದೋಣಿ ಐರೋಲಿಯಿಂದ. ವಾಗ್ಳೆ ಎಸ್ಟೇಟಿನವರಿಗೆ ಮುಲುಂಡ್–ಐರೋಲಿ ಸೇತುವೆ ದಾಟಿದರೆ ಆಯಿತು. ರೈಲಿನಲ್ಲಾದರೆ ಥಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ಲಿಗೆ ಎರಡನೇ ಸ್ಟೇಷನ್ನೇ ಐರೋಲಿ. ಅಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ದೋಣಿಯ ಟಿಕೆಟ್ ಮುಂಗಡವಾಗಿ ತೆಗೆಸಬೇಕು, ಹೊರಡುವ ಹೊತ್ತು ದಿನದಿನಕ್ಕೆ ಬೇರೆ. ಇದನ್ನು ತಿಳಿಯದೆ ಬೆಳಿಗ್ಗೆಯೇ ಬಂದು ಬರಿಗೈಲಿ ಮರಳಿದ ಕುಟುಂಬಗಳನ್ನು ಕಂಡು ಹೊಟ್ಟೆ ಉರಿದಿದೆ. ನೀರು ತೀರಾ ಇಳಿದರೆ ದೋಣಿ ಕೆಸರಿಗೆ ಕೂರುತ್ತದೆ. ಪೂರ್ತಿ ತುಂಬಿದರೆ ಕೆಸರು ಮುಳುಗಿ ಹಕ್ಕಿಗಳು ಎದ್ದು ಹೋಗುತ್ತವೆ. ಎರಡರ ನಡುವೆ, ನೀರು ಏರುತ್ತಿರುವಾಗ, ದಂಡೆಯಲ್ಲಿ ಕೆಸರು ಇನ್ನೂ ಉಳಿದಿರುವ ಹೊತ್ತು ಬೇಕು. ಸಪ್ತಮಿಯ ಮೂರು ಗಂಟೆ ಅಂಥದ್ದು.

ದೋಣಿ ಕಾಂಡ್ಲಗಿಡಗಳ ನಡುವಿಂದ ಹೊರಬರುತ್ತಿದ್ದಂತೆ ಅಕ್ಕನ ಮಗಳು, ‘ಇದು ನಮ್ಮ ಕಾಂಡ್ಲ ಅಲ್ದಾ!’ ಅಂದಳು. ಹೌದು. ನಮ್ಮ ಹೊಳೆಬದಿಯ ಕಾಂಡ್ಲಕ್ಕೆ ಮರಾಠಿಯಲ್ಲಿ ಕಾಂದಳ, ಕಾಡಿಗೆ ಕಾಂದಳವನ. ಎರಡು ಕರಾವಳಿಗಳ ನಡುವೆ ಈ ಒಂದು ಮಾತು ಹಾಗೇ ಉಳಿದಿರುವುದನ್ನು ಕೇಳಿದಾಗಲೆಲ್ಲ ನನಗೆ ಮನೆಗೆ ಬಂದ ಹಾಗಾಗುತ್ತದೆ. ಇಲ್ಲಿ ಹೆಚ್ಚಾಗಿರುವುದು ಬೂದು ಎಲೆಯ ತಿವರ ಜಾತಿ. ಕೆಸರಿನಲ್ಲಿ ಗಾಳಿಯಾಡದು, ಅದಕ್ಕೇ ಅದರ ಬೇರು ಪೆನ್ಸಿಲಿನಂತೆ ಮೇಲಕ್ಕೆ ಚುಚ್ಚಿಕೊಂಡು ನಿಂತು ಉಸಿರಾಡುತ್ತದೆ. ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದೆ. ಹುಡುಗನಿಗೆ ಒಂದು ಎಲೆಯನ್ನು ನಾಲಗೆಗೆ ತಾಗಿಸಲು ಹೇಳಿದೆ, ಅವನ ಕಣ್ಣರಳಿತು.

ಆಮೇಲೆ ಹಕ್ಕಿಗಳು. ಮೊದಲು ದೂರದಲ್ಲಿ ಕೆಸರಿನ ಮೇಲೆ ಯಾರೋ ಗುಲಾಬಿ ಸೀರೆ ಒಣಗಲು ಹರಡಿದಂತೆ. ಹತ್ತಿರ ಹೋದರೆ ಸೀರೆಗೆ ಕಾಲು, ಕೊಕ್ಕು. ನಾವು ರಾಜಹಂಸ ಅನ್ನುವ ಫ್ಲೆಮಿಂಗೊ. ಮರಾಠಿಯಲ್ಲಿ ರೋಹಿತ, ಅಗ್ನಿಪಂಖ ಅಂತಲೂ ಕರೆಯುತ್ತಾರೆ. ಕಛ್ ಕಡೆಯಿಂದ ಬಂದು ನವೆಂಬರಿನಿಂದ ಮೇ ತನಕ ಇರುತ್ತವೆ, ಎಣಿಸಿದವರು ಒಂದು ಲಕ್ಷಕ್ಕೂ ಮೀರಿ ಎಣಿಸಿದ್ದಾರೆ. ಎರಡು ಜಾತಿ: ಎತ್ತರದ ಬಿಳಿಚು ಬಣ್ಣದ್ದು ದೊಡ್ಡದು, ಕುಳ್ಳಗೆ ಗಾಢ ಗುಲಾಬಿಯದು ಚಿಕ್ಕದು. ತಲೆಯನ್ನು ಪೂರ್ತಿ ತಿರುಗುಮುರುಗಾಗಿಸಿ ಕೊಕ್ಕನ್ನು ನೀರಿಗಿಟ್ಟು, ನಾಲಗೆಯಿಂದ ಪಂಪು ಹೊಡೆದಂತೆ ನೀರನ್ನು ಜರಡಿ ಹಿಡಿಯುತ್ತವೆ. ಆ ಜರಡಿಯಲ್ಲಿ ನಿಲ್ಲುವ ಪಾಚಿಯ ಬಣ್ಣವೇ ಪುಕ್ಕಕ್ಕೆ ಏರುವುದು. ಪಾಚಿ ಇಲ್ಲಿ ಇಷ್ಟು ಹುಲುಸಾಗಿ ಬೆಳೆಯಲು ನಮ್ಮ ಊರುಗಳ ಚರಂಡಿ ನೀರೂ ಒಂದು ಕಾರಣ. ಅದನ್ನು ಹೇಳಿದಾಗ ದೋಣಿಯಲ್ಲಿದ್ದವರೆಲ್ಲ ಸುಮ್ಮನಾದರು. ನನಗೂ ಆ ಮಾತು ಪ್ರತಿ ಸಲ ನೋಯುತ್ತದೆ, ಆದರೂ ಹೇಳುತ್ತೇನೆ.

2015ರಲ್ಲಿ ಖಾಡಿಯ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದರು. 2022ರಲ್ಲಿ ಥಾಣೆ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಕಾಂದಳ ಕಡಿಯುವುದಕ್ಕೆ ಬಾಂಬೆ ಹೈಕೋರ್ಟು 2018ರಲ್ಲಿ ಕಟ್ಟುನಿಟ್ಟಾದ ತಡೆ ಹಾಕಿದೆ. ಇಷ್ಟಿದ್ದೂ ರಾತ್ರಿ ಲಾರಿಗಳು ಬಂದು ಕಟ್ಟಡದ ಕಸ ಸುರಿದು ಹೋದದ್ದನ್ನು ನಾನೇ ಕಂಡಿದ್ದೇನೆ. ಇನ್ನೊಂದು ಸಂಗತಿ ಹೊರಗಿನವರಿಗೆ ತಿಳಿಯದು. ಉಬ್ಬರಕ್ಕೆ ಖಾಡಿಯ ಕೆಸರು ಮುಳುಗಿದಾಗ ಈ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ನವಿ ಮುಂಬೈಯ ಸೀವುಡ್ಸ್, ನೆರೂಳ್ ಕಡೆಯ ತಗ್ಗು ಕೆರೆಗಳಿಗೆ. ಅಲ್ಲಿ ಕಾಲೂರಿ ವಿಶ್ರಮಿಸಿ, ಇಳಿತಕ್ಕೆ ಮರಳುತ್ತವೆ. ಖಾಡಿಯನ್ನಷ್ಟೇ ಉಳಿಸಿ ಆ ಕೆರೆಗಳಿಗೆ ಉಬ್ಬರದ ನೀರು ಹರಿಯುವ ತೂಬು ಮುಚ್ಚಿಬಿಟ್ಟರೆ ಕೂರಲು ಜಾಗವಿಲ್ಲ. ಊಟದ ಮನೆ ಇಟ್ಟು ಮಲಗುವ ಮನೆಗೆ ಬೀಗ ಹಾಕಿದಂತೆ. ದೋಣಿಯ ಟಿಕೆಟ್ ಸಿಗದವರು ಬೇಸರಪಡಬೇಕಿಲ್ಲ, ಸೀವುಡ್ಸ್ ಸ್ಟೇಷನ್ನಿಗೆ ಇಳಿದು ಪಾಮ್ ಬೀಚ್ ರಸ್ತೆಯಾಚೆಯ ಆ ಕೆರೆಗಳಿಗೆ ಹೋಗಿ. ಅಲ್ಲಿಗೆ ಮಾತ್ರ ಉಬ್ಬರದ ಗಂಟೆಗೇ ಹೋಗಬೇಕು.

ಸಂಜೆ ಉಪವನ ಕೆರೆ, ಅದರ ಮೇಲೆ ಯೇವೂರು ಗುಡ್ಡ. ದಣಿದಿದ್ದ ಹುಡುಗ ನನ್ನ ಹೆಗಲಿಗೊರಗಿದ್ದ. ಗುಡ್ಡದ ಕಾಡಿನ ಆಚೆ ಮಗ್ಗುಲಲ್ಲಿ ಕಣ್ಹೇರಿ ಗುಹೆಗಳಿವೆ. ಬೋರಿವಲಿ ಕಡೆಯಿಂದ ಹೋಗಬೇಕು, ನಮಗೆ ಹೊತ್ತಿರಲಿಲ್ಲ. ಆದರೆ ಕನ್ನಡದವರಿಗೆ ಒಂದು ವಿಷಯ ಹೇಳದೆ ನಾನು ಆ ಗುಡ್ಡದಿಂದ ಇಳಿಯುವುದಿಲ್ಲ. ಅಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಮಳಖೇಡದ ದೊರೆ ಅಮೋಘವರ್ಷನ ಹೆಸರಿದೆ, ನಮ್ಮ ಕವಿರಾಜಮಾರ್ಗದ ನೃಪತುಂಗನೇ. ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಆಗ ರಾಷ್ಟ್ರಕೂಟರ ಸಾಮಂತರು. ಮುಂದೆ ಅವರ ರಾಜಧಾನಿಯಾದದ್ದು ಸ್ಥಾನಕ, ಅಂದರೆ ಈ ಥಾಣೆ. ಹೊಟ್ಟೆಪಾಡಿಗೆ ಪರಊರಿಗೆ ಬಂದೆ ಅಂದುಕೊಂಡಿದ್ದ ನನಗೆ ಆ ಸಂಗತಿ ತಿಳಿದ ದಿನ ನಿದ್ದೆ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅದೇ ಶಿಲಾಹಾರರ ಗುಡಿಗೆ, ಅಂಬರನಾಥಕ್ಕೆ. ಸ್ಲೋ ಲೋಕಲ್ ಹತ್ತಿ ಎಡಗಡೆ ಕಿಟಕಿ ಹಿಡಿಯಿರಿ. ಕಳವಾ ದಾಟಿ ಮುಂಬ್ರಾ ಬರುವಾಗ ಬಲಕ್ಕೆ ಗುಡ್ಡ, ಎಡಕ್ಕೆ ಖಾಡಿ. ಡೊಂಬಿವಲಿಯಲ್ಲಿ ಕನ್ನಡ ಮಾತು ಡಬ್ಬಿಗೆ ಹತ್ತುತ್ತದೆ. ಅಲ್ಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ಶಾಲೆಯೇ ಇದೆ. ಕಲ್ಯಾಣದಲ್ಲಿ ಇಳಿದು ಖಾಡಿಯ ದಂಡೆಯ ದುರ್ಗಾಡಿ ಕೋಟೆ ಹತ್ತಿದೆವು. 1657ರಲ್ಲಿ ಕಲ್ಯಾಣ ಕೈಸೇರಿದ ಮೇಲೆ ಶಿವಾಜಿ ಹಡಗು ಕಟ್ಟಿಸಲು ತೊಡಗಿದ್ದು ಇಲ್ಲಿ. ಆ ನೌಕಾಬಲ ಬೆಳೆದು 1665ರಲ್ಲಿ ಸಮುದ್ರಮಾರ್ಗವಾಗಿ ಬಂದು ಲೂಟಿ ಮಾಡಿದ್ದು ಯಾವ ಊರನ್ನು ಗೊತ್ತೇ ಎಂದು ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಮ್ಮ ಬಸ್ರೂರನ್ನೇ ಅಂದೆ. ಅವನು ಕೆಳಗಿನ ನೀರನ್ನು ಬಹಳ ಹೊತ್ತು ನೋಡಿದ.

ಅಂಬರನಾಥದ ಶಿವಗುಡಿಯ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060. ವಾಲಧುನಿ ಹಳ್ಳದ ಬದಿಗೆ, ಕರಿಕಲ್ಲಿನದು. ಲಕ್ಕುಂಡಿಯ ಬಳಪದ ಕಲ್ಲಿಗೆ ಬರುವ ನಯ ಈ ಒರಟು ಕಲ್ಲಿಗೆ ಬರದು. ಆದರೂ ಹೊರಗೋಡೆಯಲ್ಲಿ ಕೈಯಗಲ ಜಾಗವೂ ಖಾಲಿಯಿಲ್ಲ. ಕಬ್ಬಿಣವನ್ನು ಕೂದಲೆಳೆಯಷ್ಟು ತೆಗೆಯಲು ಎಷ್ಟು ತಾಳ್ಮೆ ಬೇಕೆಂದು ಬಲ್ಲ ಕೈ ನನ್ನದು; ಆ ಗೋಡೆ ಮುಟ್ಟಿದಾಗ ಕೆತ್ತಿದವರ ಕೈ ಹಿಡಿದಂತಾಯಿತು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಮೇಲಿನ ಶಿಖರ ಪೂರ್ತಿಯಾಗದೆ ಉಳಿದಿದೆ, ಲಿಂಗದ ನೆತ್ತಿಗೆ ನೇರ ಆಕಾಶ.

ಮಧ್ಯಾಹ್ನ ಅವರನ್ನು ಥಾಣೆಯಲ್ಲಿ ಮತ್ಸ್ಯಗಂಧಾ ರೈಲಿಗೆ ಹತ್ತಿಸಿದೆ. ನಾನು ಇನ್ನೂ ಪ್ಲಾಟ್‌ಫಾರ್ಮಿನಲ್ಲಿರುವಾಗಲೇ ಫೋನ್ ಬಂತು. ಹುಡುಗ. ರೈಲು ಖಾಡಿಯ ಸೇತುವೆಯ ಮೇಲಿತ್ತು, ಗಡಗಡ ಸದ್ದಿನ ನಡುವೆ ಕೂಗಿ ಹೇಳುತ್ತಿದ್ದ.

‘ಅಜ್ಜ, ಕೆಸರು ಅರ್ಧ ಮುಳುಗಿತ್ತ್. ಇವತ್ತ್ ಅಷ್ಟಮಿ ಅಲ್ದಾ, ಆರು ಗಂಟಿಗೆ ಪೂರ್ತಿ ತುಂಬುತ್ತ್!’