ದೂಧಸಾಗರದ ಕಾಡುದಾರಿ: ಗುಂಪಿನ ಕಾಲ್ನಡೆಯ ಕ್ರಮ

ಬೆಟ್ಟಗಾಡಿನ ಜಲಪಾತವನ್ನು ಕಾಣುವುದಕ್ಕೆ ಎರಡು ಬಗೆಗಳುಂಟು. ವಾಹನದಲ್ಲಿ ಹೋಗಿ, ಸ್ವಲ್ಪ ಹೊತ್ತು ನಿಂತು ನೋಡಿ, ಚಿತ್ರ ತೆಗೆದುಕೊಂಡು ಮರಳುವುದು ಒಂದು. ಮಾರ್ಗದರ್ಶಿಯೊಬ್ಬನ ಹಿಂದೆ ಮೂರು ನಾಲ್ಕು ದಿನ ಗುಂಪಾಗಿ ನಡೆದು, ರಾತ್ರಿ ಶಿಬಿರದಲ್ಲಿ ತಂಗಿ, ನೀರು ಎಲ್ಲಿಂದ ಬಂದು ಎಲ್ಲಿ ಧುಮುಕುವುದೆಂಬುದನ್ನು ಕಾಲಿನಿಂದಲೇ ಅಳೆದು ತಿಳಿಯುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ದೊರೆಯುವ ಅರಿವು ಹೆಚ್ಚು. ಅದರಲ್ಲಿ ಅಡಗಿರುವ ಅಪಾಯವೂ ಹೆಚ್ಚು. ಶಾಲೆಯ ಮಕ್ಕಳು ಇಂಥ ಪ್ರವಾಸಗಳಿಗೆ ಹೊರಡುವುದು ಈಗ ಸಾಮಾನ್ಯವಾಗಿರುವುದರಿಂದ, ಅದರ ಕ್ರಮವೇನು, ಕಾರಣವೇನು ಎಂಬುದನ್ನು ಮಕ್ಕಳೂ ಪಾಲಕರೂ ಅರಿತಿರುವುದು ಆವಶ್ಯಕ. ಗೋವೆಯ ದೂಧಸಾಗರದ ಸುತ್ತಣ ಕಾಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನೀರಿನ ವಿಚಾರ. ಸಹ್ಯಾದ್ರಿಯು ಪೂರ್ವಕ್ಕೆ ನಿಧಾನವಾಗಿ ಇಳಿಯುವ ಪರ್ವತ. ಪಶ್ಚಿಮಕ್ಕೆ ಮಾತ್ರ ಗೋಡೆಯಂತೆ ಕಡಿದಾಗಿ ನಿಂತಿದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದ ಮೋಡಗಳು ಈ ಗೋಡೆಗೆ ತಾಗಿ ಮೇಲೇರುತ್ತವೆ, ಮೇಲೇರಿದಂತೆ ತಣಿಯುತ್ತವೆ, ತಣಿದು ಮಳೆಯಾಗಿ ಸುರಿಯುತ್ತವೆ. ಘಟ್ಟದ ಮೇಲೆ ಬಿದ್ದು ಪಶ್ಚಿಮಕ್ಕೆ ಹರಿಯುವ ನೀರು ಸಮುದ್ರವನ್ನು ಸೇರಬೇಕಾದರೆ ಈ ಗೋಡೆಯನ್ನು ಇಳಿಯಲೇಬೇಕು. ಆದುದರಿಂದಲೇ ಘಟ್ಟದ ಅಂಚಿನುದ್ದಕ್ಕೂ ಜಲಪಾತಗಳು ಸಾಲುಗೊಂಡಿವೆ. ಶರಾವತಿಯು ಜೋಗದಲ್ಲಿ ೨೫೩ ಮೀಟರ್ ಧುಮುಕುವುದು ಈ ಕಾರಣದಿಂದಲೇ; ದೂಧಸಾಗರದಲ್ಲಿ ನೀರು ನಾಲ್ಕು ಹಂತಗಳಾಗಿ ಸುಮಾರು ೩೧೦ ಮೀಟರ್ ಇಳಿಯುವುದೂ ಈ ಕಾರಣದಿಂದಲೇ. ದೂಧಸಾಗರದ ಹೊಳೆಯು ಕರ್ನಾಟಕದ ಗಡಿಯ ಘಟ್ಟಸಾಲಿನಿಂದ ಇಳಿದು ಕೊನೆಗೆ ಮಾಂಡವಿಯನ್ನು ಕೂಡುತ್ತದೆ. ಆ ಮಾಂಡವಿಯಾದರೂ ನಮಗೆ ಅನ್ಯಳಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಮಹದಾಯಿ ಎನಿಸಿಕೊಂಡವಳೇ ಗೋವೆಯಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ಕಡಲನ್ನು ಸೇರುತ್ತಾಳೆ.

ದೂಧಸಾಗರವೆಂದರೆ ಹಾಲಿನ ಕಡಲು. ಬಂಡೆಯಿಂದ ಬಂಡೆಗೆ ಬಡಿದು ಬೀಳುವ ನೀರಿನೊಳಗೆ ಗಾಳಿಯು ಲಕ್ಷಾಂತರ ಗುಳ್ಳೆಗಳಾಗಿ ಸೇರಿಕೊಳ್ಳುತ್ತದೆ. ಆ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ನೀರು ಹಾಲಿನಂತೆ ಬೆಳ್ಳಗೆ ತೋರುತ್ತದೆ. ಈ ಬಿಳುಪಿನಲ್ಲಿಯೇ ಒಂದು ಎಚ್ಚರಿಕೆಯೂ ಇದೆ. ಗಾಳಿ ಬೆರೆತ ನೊರೆನೀರು ಸಾಧಾರಣ ನೀರಿಗಿಂತ ಹಗುರವಾದುದು. ಹಗುರವಾದ ನೀರು ಮನುಷ್ಯನ ಮೈಯನ್ನು ಎಂದಿನಂತೆ ಎತ್ತಿ ಹಿಡಿಯಲಾರದು. ಮೇಲಿನಿಂದ ಬೀಳುವ ನೀರು ಮಡುವಿನ ತಳಕ್ಕೆ ಇಳಿದು, ಅಲ್ಲಿಂದ ಸುತ್ತಿ ಮತ್ತೆ ಧಾರೆಯ ಬುಡಕ್ಕೆ ಮರಳುವುದರಿಂದ, ಅಲ್ಲಿ ಸಿಕ್ಕಿದವನನ್ನು ಅದು ಒಳಕ್ಕೇ ಎಳೆಯುತ್ತದೆ. ಕೆರೆಯಲ್ಲಿ ಚೆನ್ನಾಗಿ ಈಜಬಲ್ಲವರೂ ಜಲಪಾತದ ಬುಡದಲ್ಲಿ ಮುಳುಗುವುದು ಏಕೆಂಬುದಕ್ಕೆ ಇದೇ ಉತ್ತರ.

ಇನ್ನು ದಾರಿಯ ವಿಚಾರ. ಈ ಪ್ರದೇಶವು ಭಗವಾನ್ ಮಹಾವೀರ ಅಭಯಾರಣ್ಯಕ್ಕೆ ಸೇರಿದುದು; ಅದರ ನಡುಭಾಗವನ್ನು ೧೯೭೮ರಲ್ಲಿ ಮೊಲ್ಲೆಂ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ಕಾಲಿಡಲಾಗದು. ಮಳೆ ನಿಂತು ಹಳ್ಳಗಳು ಇಳಿದ ಮೇಲೆ, ಚಳಿಗಾಲವೇ ಕಾಲ್ನಡೆಗೆ ತಕ್ಕ ಕಾಲ. ಮೊದಲ ದಿನ ಕುಳೆಂ ಊರಿನಿಂದ ಹಳ್ಳಗಳನ್ನು ದಾಟುತ್ತ ಹತ್ತು ಹನ್ನೆರಡು ಕಿಲೋಮೀಟರ್ ಕಾಡುದಾರಿ ನಡೆದು ಜಲಪಾತದ ಬುಡವನ್ನು ಮುಟ್ಟಬಹುದು. ಮುಂದಿನ ದಿನಗಳನ್ನು ಮೊಲ್ಲೆಂ ಕಡೆಯ ಕಾಡಿಗೂ ತಾಂಬಡಿ ಸುರ್ಲಾಕ್ಕೂ ಇಡಬಹುದು. ಅಲ್ಲಿ ಹೊಳೆಯ ದಡದಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಮಹಾದೇವ ದೇವಾಲಯವಿದೆ. ಅದು ಗೋವೆಯ ಕದಂಬರ ಕಾಲದ್ದು. ಆ ಅರಸರ ಶಾಸನಗಳಲ್ಲಿ ಕನ್ನಡದವೂ ಇವೆಯೆಂಬುದನ್ನು ನಮ್ಮ ಮಕ್ಕಳು ನೆನಪಿನಲ್ಲಿಡಬೇಕು. ದೇವಾಲಯದಿಂದ ಮುಂದೆ ಕಾಡಿನೊಳಗೆ ಇನ್ನೊಂದು ಜಲಪಾತವಿದೆ. ದಾರಿಯುದ್ದಕ್ಕೂ ಮತ್ತಿ, ನೇರಳೆ, ಬಿದಿರು. ಅದೃಷ್ಟವಿದ್ದರೆ ಕೆಂಜಳಿಲು, ಮಂಗಟ್ಟೆ ಹಕ್ಕಿ, ದೂರದಲ್ಲಿ ಕಾಡುಕೋಣ. ಸದ್ದು ಮಾಡುವ ಗುಂಪಿಗೆ ಇವು ಯಾವುವೂ ಕಾಣಸಿಗವು.

ಜಲಪಾತದ ನಡುಭಾಗದಲ್ಲಿ ರೈಲು ಹಾದುಹೋಗುವ ಸೇತುವೆಯುಂಟು. ಪೋರ್ಚುಗೀಸರ ಕಾಲದಲ್ಲಿ, ೧೮೮೮ರಲ್ಲಿ, ಕ್ಯಾಸಲ್‌ರಾಕ್‌ವರೆಗೆ ಪೂರ್ಣಗೊಂಡ ಈ ಘಟ್ಟದ ಮಾರ್ಗವು ೩೭ ಅಡಿ ಮುಂದುವರಿದರೆ ೧ ಅಡಿ ಏರುವಷ್ಟು ಕಡಿದಾದುದು. ಹಳಿಗುಂಟ ನಡೆದು ಜಲಪಾತ ನೋಡುವ ಪರಿಪಾಠವು ಹಿಂದೆ ಇತ್ತು. ಇಕ್ಕಟ್ಟಾದ ಸುರಂಗಗಳು, ತಿರುವುಗಳು, ಜಲಪಾತದ ಸದ್ದಿನಲ್ಲಿ ಕೇಳಿಸದ ರೈಲಿನ ಸದ್ದು, ಇವುಗಳ ನಡುವೆ ಅದು ಪ್ರಾಣದೊಡನೆ ಆಡುವ ಆಟ. ೧೯೮೯ರ ರೈಲ್ವೆ ಕಾಯ್ದೆಯಂತೆ ಅದು ಅಪರಾಧವೂ ಹೌದು. ೨೦೨೩ರ ಜುಲೈ ತಿಂಗಳಲ್ಲಿ ಹೀಗೆ ಹೊರಟ ನೂರಾರು ಜನರನ್ನು ಪೊಲೀಸರು ತಡೆಯಬೇಕಾಯಿತು. ಅದೇ ತಿಂಗಳಲ್ಲಿ ನೇತ್ರಾವಳಿ ಅಭಯಾರಣ್ಯದ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಮೃತಪಟ್ಟರು. ಅದರ ಬಳಿಕ ಅರಣ್ಯ ಇಲಾಖೆಯು ಅಭಯಾರಣ್ಯಗಳ ಜಲಪಾತಗಳಿಗೆ ಪ್ರವೇಶವನ್ನೇ ನಿಷೇಧಿಸಿತು. ಮಳೆಗಾಲದ ಜಲಪಾತವು ಬಲು ಸುಂದರ. ಅದನ್ನು ದೂರದಿಂದ ನೋಡುವುದೇ ವಿವೇಕ.

ಮಾರ್ಗದರ್ಶಿಯು ಏಕೆ ಬೇಕು? ದಾರಿ ತೋರಿಸುವುದಕ್ಕೆ ಮಾತ್ರವೆಂದು ಹಲವರು ಭಾವಿಸುತ್ತಾರೆ. ದಾರಿಯನ್ನು ನಕ್ಷೆಯೂ ತೋರಿಸೀತು. ಆದರೆ ಆ ಕಾಡಿನಲ್ಲೇ ಹುಟ್ಟಿ ಬೆಳೆದವನು ನೀರನ್ನು ಓದಬಲ್ಲನು. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಘಟ್ಟದಲ್ಲಿ ಮಳೆ ಸುರಿದಿದ್ದರೆ ಹಳ್ಳವು ನೋಡುನೋಡುತ್ತಿದ್ದಂತೆ ಏರುತ್ತದೆ. ತಿಳಿಯಾಗಿದ್ದ ನೀರು ಕದಡುವುದು, ತರಗೆಲೆ ಕಡ್ಡಿಗಳು ತೇಲಿಬರುವುದು, ಹರಿವಿನ ಸದ್ದು ದಪ್ಪಗಾಗುವುದು, ಇವು ಅದರ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಬಲ್ಲವನು ಗುಂಪನ್ನು ಕೂಡಲೇ ಎತ್ತರದ ದಡಕ್ಕೆ ಕರೆದೊಯ್ಯುತ್ತಾನೆ, ನೀರು ಇಳಿಯುವವರೆಗೆ ದಾಟಗೊಡುವುದಿಲ್ಲ. ಮೊಣಕಾಲಿಗಿಂತ ಮೇಲೇರಿದ ಹರಿವು ನೀರಿಗೆ ಇಳಿಯಬಾರದೆಂಬುದು ಮಕ್ಕಳು ಬಾಯಿಪಾಠ ಮಾಡಬೇಕಾದ ನಿಯಮ. ಮಾರ್ಗದರ್ಶಿಯು ‘ಬೇಡ’ ಎಂದಾಗ ವಾದಿಸುವವನು ತನ್ನ ಪ್ರಾಣವನ್ನಷ್ಟೇ ಅಲ್ಲ, ತನ್ನನ್ನು ಎಳೆದು ತರಲು ಧುಮುಕುವ ಗೆಳೆಯನ ಪ್ರಾಣವನ್ನೂ ಒಡ್ಡುತ್ತಾನೆ.

ಗುಂಪಿನ ನಡಿಗೆಗೂ ಒಂದು ಶಾಸ್ತ್ರವುಂಟು. ಮುಂದೆ ಮಾರ್ಗದರ್ಶಿ, ಕಟ್ಟಕಡೆಗೆ ಅನುಭವಿಯಾದ ಹಿರಿಯರೊಬ್ಬರು. ಇವರಿಬ್ಬರ ನಡುವೆಯೇ ಎಲ್ಲರೂ ಇರತಕ್ಕದ್ದು. ವೇಗವಾಗಿ ನಡೆಯುವವನಲ್ಲ, ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಗುಂಪಿನ ವೇಗವನ್ನು ನಿರ್ಣಯಿಸುತ್ತಾನೆ; ಅವನನ್ನು ಹಾಸ್ಯ ಮಾಡುವುದು ತಪ್ಪು. ಪ್ರತಿ ತಂಗುದಾಣದಲ್ಲಿಯೂ, ಪ್ರತಿ ಹಳ್ಳವನ್ನು ದಾಟುವ ಮೊದಲೂ ದಾಟಿದ ಮೇಲೂ ತಲೆ ಎಣಿಸಬೇಕು. ಬೆಳಗಿನಲ್ಲಿ ಬೇಗ ಹೊರಟು ಇಳಿಹೊತ್ತಿಗೆ ಮುಂಚೆ ಶಿಬಿರ ಸೇರಬೇಕು. ದಟ್ಟ ಕಾಡಿನಲ್ಲಿ ಕತ್ತಲೆಯು ಬಯಲಿಗಿಂತ ಮೊದಲೇ ಇಳಿಯುತ್ತದೆ. ಹೊಸ ಬೂಟು ಕಾಲನ್ನು ಕಚ್ಚುವುದರಿಂದ ಕೆಲವು ವಾರ ಮೊದಲೇ ಅದನ್ನು ತೊಟ್ಟು ನಡೆದು ಪಳಗಿಸಬೇಕು. ಚೀಲ ಹಗುರವಾಗಿರಲಿ, ಕುದಿಸಿದ ನೀರು, ಅವಲಕ್ಕಿ, ಬೆಲ್ಲ, ಒಣಗಿದ ಒಂದು ಜೊತೆ ಉಡುಪು ಇವಿಷ್ಟು ತಪ್ಪದಿರಲಿ.

ಚಳಿಗಾಲದ ಕಾಡಿನಲ್ಲಿ ಕಣ್ಣಿಗೆ ಬೀಳದ ಮತ್ತೊಂದು ಅಪಾಯವುಂಟು. ಮಂಗನ ಕಾಯಿಲೆಯನ್ನು ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ೨೦೧೫ರಲ್ಲಿ ಅದು ಗೋವೆಯ ಸತ್ತರಿ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡಿತು. ಈ ರೋಗದ ವೈರಾಣುವನ್ನು ಹರಡುವವು ಸಣ್ಣ ಉಣುಗುಗಳು. ಒಣ ತಿಂಗಳುಗಳಲ್ಲಿ ತರಗೆಲೆಗಳ ನಡುವೆ ಅವು ಹೆಚ್ಚಾಗಿರುತ್ತವೆ. ಆದುದರಿಂದ ತುಂಬುತೋಳಿನ ಅಂಗಿ ತೊಡಬೇಕು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು, ಉಣುಗು ನಿವಾರಕ ತೈಲವನ್ನು ಸವರಬೇಕು, ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯದವರಿಗೆ ತಿಳಿಸಬೇಕು. ಮನೆಗೆ ಮರಳಿದ ಹತ್ತು ಹದಿನೈದು ದಿನಗಳೊಳಗೆ ಜ್ವರ, ತಲೆನೋವು ಬಂದರೆ, ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಪಾಲಕರು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಲಿ. ಅರಣ್ಯ ಇಲಾಖೆಯ ಅನುಮತಿ ದೊರೆತಿದೆಯೇ? ಮಾರ್ಗದರ್ಶಿಯು ಆ ಪ್ರದೇಶದವನೇ? ಎಷ್ಟು ಮಕ್ಕಳಿಗೆ ಎಷ್ಟು ಹಿರಿಯರು? ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಗಿರುವರೇ? ಮಳೆ ಬಂದರೆ ಹಿಂದಿರುಗುವ ಏರ್ಪಾಡು ಏನು? ನೀರಿಗೆ ಇಳಿಯುವುದುಂಟೇ, ಉಂಟಾದರೆ ತೇಲುವ ಅಂಗಿ ಇದೆಯೇ? ಇವುಗಳಿಗೆ ನೇರವಾದ ಉತ್ತರ ದೊರೆತಲ್ಲಿ ಮಕ್ಕಳನ್ನು ಸಂತೋಷದಿಂದ ಕಳುಹಿಸಬಹುದು. ದೊರೆಯದಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವುದೇ ಲೇಸು.

ವಿದ್ಯಾರ್ಥಿಗಳೇ, ಭೂಗೋಳದ ಪಾಠದಲ್ಲಿ ಒಂದು ಗೆರೆಯಾಗಿ ಕಂಡ ಸಹ್ಯಾದ್ರಿಯು ಕಾಲ್ನಡೆಯಲ್ಲಿ ಮಣ್ಣಾಗಿ, ಬಂಡೆಯಾಗಿ, ನೀರಾಗಿ ನಿಮ್ಮ ಅನುಭವಕ್ಕೆ ಬರುತ್ತದೆ. ಆ ಭಾಗ್ಯವನ್ನು ಬಿಡಬೇಡಿರಿ. ಆದರೆ ಜಲಪಾತವನ್ನು ಮುಟ್ಟಿದುದರಿಂದ ಪ್ರವಾಸವು ಪೂರ್ಣವಾಯಿತೆಂದು ತಿಳಿಯಬೇಡಿರಿ. ಹೊರಟಾಗ ಎಣಿಸಿದ ತಲೆಗಳಷ್ಟೂ ಮರಳಿದಾಗಲೂ ಎಣಿಕೆಗೆ ಸಿಕ್ಕಾಗಲೇ ಅದು ಪೂರ್ಣವಾಗುವುದು.